ಈ ಸಾಲು ಮುಟ್ಟಬೇಡಿ

ಗಾದಿಲಿಂಗ ಬಂದದ್ದು ಮಧ್ಯಾಹ್ನ ಎರಡೂವರೆಗೆ,
ಕಾಲರಿನ ಅಂಚಿಗೆ ಅದಿರಿನ ಕೆಂಪು,
ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಎ ಅಂಕಪಟ್ಟಿ.
ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ.
ನಾನು ಕೇಳಬೇಕಾದ್ದನ್ನು ಕೂತವನೇ ತಾನು ಕೇಳಿದ:
"ಇದ್ರಾಗ ಮುಂದಕ್ಕೆ ಏನೈತ್ರೀ ಮೇಡಂ?"

ಮುಂದಕ್ಕೆ.
ಹದಿನಾರು ವರ್ಷದಿಂದ ಇದೇ ಕುರ್ಚಿ,
ಒಂದು ಕಾಲಿಗೆ ರಟ್ಟು ಮಡಚಿ ಕೊಟ್ಟಿದ್ದೇನೆ.
ನಾನು ಹುಟ್ಟುವ ಮೊದಲೇ ಮುದಿಯಾದ ಭಾಷೆ ನನ್ನದು,
ಒಂದೊಂದೇ ಅಕ್ಷರದ ಅಪ್ಪಣೆ:
ಎಸ್ ಎಂದರೆ ಇಡು. ಡಬ್ಲ್ಯೂ ಎಂದರೆ ಬರೆ.
ಕೆ ಎಂದರೆ ಕೊಲ್ಲು; ಬೆರಳು ಜಾರಿದರೆ
ಒಂದು ವಾರ್ಡೇ ಖಾಲಿ.

ದಿನಗಳನ್ನು ಅದು ಸಾವಿರದೆಂಟುನೂರ ನಲವತ್ತರ
ಕಟ್ಟಕಡೆಯ ದಿನದಿಂದ ಎಣಿಸುತ್ತದೆ,
ಎಂಥ ಹಣ್ಣುಮುದುಕನ ಹುಟ್ಟೂ ಲೆಕ್ಕಕ್ಕೆ ಸಿಗಲಿ ಎಂದು.
ಇಲ್ಲಿ ಹುಟ್ಟಿದ ತಾರೀಖು ಕೇಳಿದರೆ
"ಡ್ಯಾಮಿಗೆ ಕಲ್ಲು ಹೊರುವಾಗ ನಾನು ನಮ್ಮವ್ವನ ಹೊಟ್ಟ್ಯಾಗ" ಎನ್ನುತ್ತಾರೆ.
ಅದನ್ನೂ ಅಂಕಿ ಮಾಡಿ ಕೂರಿಸಬೇಕು.

ಹೊನ್ನೂರಸ್ವಾಮಿ, ಹೊನ್ನೂರಸಾಬ, ಹೊನ್ನೂರಪ್ಪ, ಒನ್ನೂರಪ್ಪ:
ಮೋಕಾದಿಂದ ಒಬ್ಬನೇ ನಾಲ್ಕು ಸಲ ಬಂದನೋ,
ನಾಲ್ವರು ಒಂದೊಂದು ಸಲ ಬಂದರೋ?
ತಪ್ಪಿದರೆ ಒಬ್ಬನ ಸಕ್ಕರೆ ಇನ್ನೊಬ್ಬನ ರಕ್ತ ಸೇರುತ್ತದೆ.
ಕೆಲಸ ಎಂದರೆ ಇದು, ಎಂದೆ.

ಈಚೆಗೆ ಫೋನು ಬರುತ್ತವೆ. ಗೊತ್ತಿಲ್ಲದ ನಂಬರು, ನಯದ ದನಿ.
ಈ ಭಾಷೆ ಬಲ್ಲವರು ಕಡಿಮೆಯಂತೆ, ಬಲ್ಲವರು ರಿಟೈರಂತೆ,
ದೊಡ್ಡ ದೊಡ್ಡ ಆಸ್ಪತ್ರೆಗಳ ತಳಪಾಯದಲ್ಲಿ ಇನ್ನೂ ಇದೇ ಇದೆಯಂತೆ,
ಕೌಲ್ ಬಜಾರಿನ ನಮ್ಮ ಮನೆಯಿಂದಲೇ ಮಾಡಬಹುದಂತೆ.
ಸಂಬಳ, ಇಲ್ಲಿಯದರ ಐದು ಪಟ್ಟು.
ಹಳೇ ತಾಮ್ರದ ಹಂಡೆಗೆ ತೂಕದ ಬೆಲೆಯಷ್ಟೇ ಎಂದುಕೊಂಡಿದ್ದೆ.
ಬರುವ ತಿಂಗಳು ಹೋಗುತ್ತಿದ್ದೇನೆ. ಅದಕ್ಕೇ ನೀನು ಬೇಕು.
ಮುಚ್ಚಿಡಲಿಲ್ಲ.

ಆಮೇಲೆ ತೋರಿಸಿದೆ, ದಾದಾಪೀರ್ ಸರ್ ಬರೆದಿಟ್ಟದ್ದು:
"ಈ ಸಾಲು ಮುಟ್ಟಬೇಡಿ. ಯಾಕೆಂದು ಕೇಳಬೇಡಿ. ೧೯೯೮."
ಮೊದಲ ವರ್ಷವೇ ಮುಟ್ಟಿದೆ. ಜಾಣತನ.
ಹೆಸರಿಲ್ಲದ ದಾಖಲೆ ದಾಖಲೆಯೇ ಅಲ್ಲ ಎಂದು ಪಾಠ ಓದಿ ಬಂದಿದ್ದೆ.
ಬೆಳಗಾಗುವಷ್ಟರಲ್ಲಿ ಹೆರಿಗೆ ವಾರ್ಡಿನ ಪಟ್ಟಿಯಿಂದ
ಹನ್ನೊಂದು ಕೂಸು ಮಾಯ.
ತೊಟ್ಟಿಲಲ್ಲಿ ಅಳುತ್ತಿದ್ದವು, ಕಂಪ್ಯೂಟರಿನಲ್ಲಿ ಇರಲಿಲ್ಲ.
ಆ ಸಾಲು ಹೇಳುತ್ತಿದ್ದದ್ದು ಇಷ್ಟೇ:
ಹೆಸರು ಖಾಲಿಯಿದ್ದರೆ ತಾಯಿಯದು ತಗೋ,
ಪಕ್ಕದಲ್ಲಿ ಮಗು ಎಂದು ಬರೆ.

ಗಾದಿಲಿಂಗ ಕುರ್ಚಿ ಎಳೆದುಕೊಂಡ.
"ನಮ್ಮವ್ವನ್ನ ಹುಡುಕ್ಲಾ?"
ತೋರಿಸಬಾರದಿತ್ತು.
ಮಾರೆಮ್ಮ, ರೂಪನಗುಡಿ. ಜೀನ್ಸ್ ಹೊಲಿಯುವಾಗ
ಹೆಬ್ಬೆರಳಿಗೆ ಸೂಜಿ ಮುರಿದು ಕೂತದ್ದು ಒಮ್ಮೆ.
ಅವನು ಅಲ್ಲಿರಲಿಲ್ಲ; ಮನೆಯಲ್ಲೇ ಹುಟ್ಟಿದವನಂತೆ.
ಅದರ ಕೆಳಗೆ ಇನ್ನೊಂದು ಕೊಂಬೆ:
ಮಾರೆಮ್ಮನ ಮಗು. ಹೆಣ್ಣು. ಒಂದು ಕಿಲೋ ಆರುನೂರು.
ದಾಖಲು, ಐದಂಕಿಯ ಒಂದು ದಿನ.
ಬಿಡುಗಡೆ, ಅದಕ್ಕೆ ಮೂರು ಕೂಡಿಸಿದರೆ.
ಕಾರಣದ ಜಾಗದಲ್ಲಿ ಒಂದೇ ಅಕ್ಷರ.

ಕರೆಂಟು ಹೋಗಿ ಜನರೇಟರ್ ಹತ್ತಿಕೊಂಡಿತು.
ಪರದೆ ಮಿಟುಕಿ ಮತ್ತೆ ಬಂತು, ಅವಳು ಅಲ್ಲೇ ಇದ್ದಳು.
"ನಮ್ಮಕ್ಕ," ಎಂದ. "ಫೋಟೋ ಇಲ್ರಿ."
ಸ್ವಲ್ಪ ಹೊತ್ತಿನ ಮೇಲೆ,
"ಈಗ ಹೆಸರು ತುಂಬಾಕ ಬರ್ತೈತೇನ್ರೀ?"
ಬರಲ್ಲ, ಎಂದೆ. ಮುಗಿದ ದಾಖಲೆ ತಿದ್ದುವ ಹಾಗಿಲ್ಲ.
ಓದಬಹುದು.

ಶುರುವಿಗೆ ಇಪ್ಪತ್ತೆರಡು ಸಾವಿರ, ಎಂದೆ,
ಪಿಎಫ್ ಇದೆ, ಭಾನುವಾರದ ಸರದಿಯೂ ಇದೆ.
ಹ್ಞೂಂ ಅಂದ,
ಕೇಳಿಸಿತೋ ಇಲ್ಲವೋ.