ಕೊನೇ ಪುಟ ಇಲ್ಲದ್ದು

ಭಾನುವಾರ ನನಗೆ ರಜೆ. ಬೆಳಗಿನ ಆರೂವರೆಗೇ
ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ, ಮುಚ್ಚಿದ ಷಟರುಗಳ ಮುಂದೆ
ಟಾರ್ಪಾಲಿನ ಮೇಲೆ ಹಾಸಿಟ್ಟ ಲೋಕ:
ಬಾಯಿ ಕಟ್ಟಿದ ಟೇಪ್ ರೆಕಾರ್ಡರು, ಒಂಟಿ ಷೂ,
ಯಾರದೋ ಮದುವೆಯ ಆಲ್ಬಂ.
ನಾನು ಹುಡುಕುವುದು ಹೆಬ್ಬೆರಳಿಗಿಂತ ಚಿಕ್ಕದು.

ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಪುಕ್ಕಟೆ ಬರುತ್ತಿದ್ದ ಪ್ಲಾಸ್ಟಿಕ್ ಪ್ರಾಣಿಗಳು.
ನಲವತ್ತೊಂದಿವೆ. ಹಸಿರು ಒಂಟೆ ಇನ್ನೂ ಸಿಕ್ಕಿಲ್ಲ.
ಕೀಲಿ ತಿರುಗಿಸಿದರೆ ಕುಪ್ಪಳಿಸುವ ತಗಡಿನ ಕಪ್ಪೆ ಎರಡು;
ಒಂದು ಕುಪ್ಪಳಿಸುವುದಿಲ್ಲ, ನಿಂತಲ್ಲೇ ನಡುಗುತ್ತದೆ,
ನನಗೆ ಅದೇ ಹೆಚ್ಚು ಇಷ್ಟ.
"ಪಿಂಚಣಿ ಹತ್ತಿರ ಬಂತು, ಇನ್ನೂ ಬೊಂಬೆಯೇನಮ್ಮಾ?"
ಅನ್ನುತ್ತಾಳೆ ಮಗಳು.
ಡಿಪೋದಲ್ಲಿ ಶಾಹಿದಾ ಏನೂ ಅನ್ನುವುದಿಲ್ಲ.
ಸೀಟಿನಡಿ ಸಿಕ್ಕ ಚಕ್ರವಿಲ್ಲದ ಕಾರು,
ಮೂರು ತಿಂಗಳು ಯಾರೂ ಕೇಳಿ ಬರದಿದ್ದರೆ
ನನ್ನ ಟಿಕೆಟ್ ಚೀಲಕ್ಕೆ ಹಾಕಿ ಹೋಗುತ್ತಾಳೆ.

ಶ್ರೀರಾಂಪುರದಲ್ಲಿ ಮೆಟ್ಟಿಲ ಕೆಳಗೊಂದು ಲೈಬ್ರರಿ ಇತ್ತು.
ತಲೆ ಬಗ್ಗಿಸಿ ಒಳಗೆ ಹೋಗಬೇಕು,
ಒಳಗೆ ಪಳನಿಯಪ್ಪ, ನಶ್ಯದ ಘಾಟು,
ದಿನಕ್ಕೆ ನಾಲ್ಕಾಣೆ.
ಅಪ್ಪನ ಮಿಲ್ಲಿಗೆ ಬೀಗ ಬಿದ್ದ ವರ್ಷ ಆ ನಾಲ್ಕಾಣೆಯೂ ನಿಂತಿತು.
ನಿಲ್ಲುವ ಮುಂಚೆ ತಂದದ್ದು
'ಕಬ್ಬಿಣಕಣ್ಣ', ಹದಿನೇಳನೇ ಸಂಚಿಕೆ.
ಕೊನೇ ಪುಟದಲ್ಲಿ ಅವನು ಪೂರ್ತಿ ಪುಟದಷ್ಟು ನಿಂತಿದ್ದ,
ಹಿಂದೆ ಹೊತ್ತಿ ಉರಿಯುವ ಊರು, ಕಣ್ಣಲ್ಲಿ ಕೆಂಪು ದೀಪ.
ಬ್ಲೇಡಿಗೂ ಗತಿಯಿರಲಿಲ್ಲ,
ಎಂಜಲು ಹಚ್ಚಿ, ಒದ್ದೆ ಮಾಡಿ, ಹರಿದೆ.
ಪುಸ್ತಕವನ್ನು ಕತ್ತಲಾದ ಮೇಲೆ
ಬಾಗಿಲ ಸಂದಿಯಲ್ಲಿ ತೂರಿಸಿ ಓಡಿ ಬಂದೆ.

ಇವತ್ತು, ಮೂವತ್ತೇಳು ವರ್ಷದ ಮೇಲೆ,
ಒಂದು ಮಿಕ್ಸಿ ಜಾರಿನ ಕೆಳಗಿಂದ
ಅವನ ಅರ್ಧ ಮುಖ ಇಣುಕಿತು.
"ಕೊನೇ ಪುಟ ಇಲ್ಲ ಅಕ್ಕಾ, ನೂರೈವತ್ತು ಕೊಡಿ."
ತೆರೆದು ನೋಡಿದೆ. ನೇರಳೆ ಮುದ್ರೆ, ಮೆಟ್ಟಿಲ ಕೆಳಗಿನ ವಿಳಾಸ.
ನನ್ನ ಮುಖದ ಮೇಲೆ ಏನು ಕಂಡಿತೋ,
"ಆರುನೂರು" ಅಂದ.
ದಿನವೆಲ್ಲ ಚಿಲ್ಲರೆಗೆ ಜಗಳವಾಡುವವಳು
ಬಾಯಿ ಬಿಡದೆ ಕೊಟ್ಟೆ.

ಮನೆಯಲ್ಲಿ ಟ್ರಂಕಿನ ಪುಟ ತಂದು ಅಂಚಿಗೆ ಅಂಚು ಇಟ್ಟೆ.
ಎಂಜಲಿನ ಸೊಟ್ಟ ದಾರಿ, ಕೂದಲೆಳೆಯಷ್ಟೂ ತಪ್ಪದೆ ಕೂಡಿತು.
ಆಗ ಕಂಡದ್ದು: ಪುಟದ ಬುಡದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ,
'ಮುಂದಿನ ಸಂಚಿಕೆ ನೋಡಿರಿ.'
ಇಷ್ಟು ವರ್ಷ ನಾನು ಬಚ್ಚಿಟ್ಟದ್ದು ಕೊನೆಯೇ ಅಲ್ಲ.
ಹದಿನೆಂಟನೆಯದು ಬಂತೋ ಇಲ್ಲವೋ,
ಕೇಳಿದ ಯಾವ ಅಂಗಡಿಯವನಿಗೂ ಗೊತ್ತಿಲ್ಲ.

ಹಿಂದಿನ ರಟ್ಟಿನ ಒಳಮೈಯಲ್ಲಿ ಪೆನ್ಸಿಲು.
ಪಳನಿಯಪ್ಪನ ಕನ್ನಡ, ಗಕಾರಕ್ಕೆ ಕಕಾರ, ಬಕಾರಕ್ಕೆ ಪಕಾರ:
"ಮಕ್ಕಳೇ, ಪುಟ ಹರಿತಿದೆ. ಕತೆ ನಾನು ಹೇಳ್ತೀನಿ.
ಕಪ್ಪಿಣಕಣ್ಣ ಕಣ್ಣಿನ ದೀಪ ಆರಿಸಿದ.
ಡಾಕ್ಟರ್ ದೂಮನಿಗೆ ಕೆಮ್ಮು ಬಂತು.
ಇಪ್ಪರೂ ಕೆರೆ ಏರಿ ಮೇಲೆ ಕೂತು ಪನ್ನು ತಿಂದರು.
ಊರು ಉಳಿಯಿತು."

ಅದರ ಕೆಳಗೆ ಬೇರೆ ದಿನದ, ಮೊಂಡು ಪೆನ್ಸಿಲಿನ ಒಂದು ಸಾಲು:
"ಇಂದ್ರಾಣಿ, ನಾಲ್ಕಾಣೆ ಪಾಕಿ."

ನಗು ಬಂತು, ಆಮೇಲೆ ಬರಲಿಲ್ಲ.
ಟಿಕೆಟಿನ ಬೆನ್ನಿಗೆ ಬಾಕಿ ಬರೆದು
ಇಳಿಯುವಾಗ ಇಸ್ಕೊಳ್ಳಿ ಅಂತ
ಎಷ್ಟು ಜನಕ್ಕೆ ಹೇಳಿದ್ದೇನೋ,
ಎಷ್ಟು ಜನ ಮರೆತು ಇಳಿದು ಹೋದರೋ.

ಅಂಟು ತೆಗೆದು ಇಟ್ಟುಕೊಂಡವಳು ಮುಚ್ಚಳ ಹಾಕಿದೆ.
ಪುಟ ಟ್ರಂಕಿಗೆ, ಪುಸ್ತಕ ಮೇಜಿಗೆ.
ಮಗಳು ರಟ್ಟು ತಿರುಗಿಸಿ ಓದಿ,
"ಬನ್ನಿಗೆ ಬೆಣ್ಣೆ ಇತ್ತಂತಾ?" ಅಂದಳು.

ನಾಲ್ಕಾಣೆ ಈಗ ಓಡುವುದಿಲ್ಲ.
ಸಂಡೇ ಬಜಾರಿನ ಮೂಲೆಯಲ್ಲಿ ಹಳೇ ನಾಣ್ಯದವನಿದ್ದಾನೆ,
ಒಂದಕ್ಕೆ ಇಪ್ಪತ್ತು ಹೇಳುತ್ತಾನೆ.
ಬರುವ ವಾರ ಹೋಗಬೇಕು.
ಒಂಟೆಯನ್ನೂ ಕೇಳಬೇಕು.