ಮೂರು ಸಾವಿರದ ಐನೂರು ಸೋಮ್

ಬಿಷ್ಕೆಕ್ಕಿನ ಬಿಡಿಭಾಗಗಳ ಬಜಾರು. ಹಡಗಿನ ಕಬ್ಬಿಣದ ಡಬ್ಬಿಗಳನ್ನೇ
ಅಂಗಡಿ ಮಾಡಿಕೊಂಡ ಓಣಿ. ತಲಾಯ್ ಎಂಬ ಹುಡುಗ
ಸಾಬೂನಿನ ಬಿಲ್ಲೆಯಷ್ಟರ ಪೆಟ್ಟಿಗೆ, ಅದಕ್ಕೊಂದು ಬಾಲ,
ನನ್ನ ಕೈಗಿಟ್ಟು,
"ಅಕ್ಕಾ, ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿದರೆ ಸಾಕು,
ಇಂಜಿನ್ನು ತನ್ನ ಮನಸ್ಸನ್ನು ತಾನೇ ಹೇಳುತ್ತೆ" ಅಂದ.

ಇಪ್ಪತ್ತು ವರ್ಷ ಒಬ್ಬ ಗಂಡಸಿನ ಜೊತೆ ಸಂಸಾರ ಮಾಡಿದವಳು ನಾನು.
ಮನಸ್ಸು ತಾನೇ ಹೇಳುತ್ತೆ ಅಂದರೆ ನಗು ಬಂತು.
ಬೆಲೆ ಕೇಳಿದೆ. ನಗು ಹೋಯಿತು.

ಮೂರು ಸಾವಿರದ ಐನೂರು ಅಂದರೆ
ತೊಕ್ತೊಗುಲ್‌ವರೆಗಿನ ಮೂರು ಸೀಟು,
ಅದೂ ಚೌಕಾಸಿ ಮಾಡದವರದ್ದು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾನೆ ಮೆಕ್ಯಾನಿಕ್ ಸಾಬಿರ್‌ಬೆಕ್,
ಬೆರಳಿಗೆ ಎಣ್ಣೆ ತಾಗಿಸಿ, ಮೂಸಿ, ರೋಗ ಹೇಳುವವನು.
ನಿಜ. ಆದರೆ ಹುಣ್ಣು ಅಂಗೈಯಲ್ಲಿ ಇರಲಿಲ್ಲವಲ್ಲ
ಹೋದ ಆಗಸ್ಟಿನಲ್ಲಿ, ತೊ-ಅಶೂ ಘಾಟಿಯ ಏರಿನಲ್ಲಿ.
ಡ್ಯಾಶ್‌ಬೋರ್ಡಿನ ಮುಳ್ಳು ಅಂದೂ ನಟ್ಟನಡುವೆ,
ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ
ಅತ್ತ ಅಲುಗದೆ ಇತ್ತ ಅಲುಗದೆ ಕೂತಿತ್ತು.
ಬಾನೆಟ್ಟಿನ ಸಂದಿಯಿಂದ ಆವಿ. ಸಿಹಿ ಸಿಹಿ ವಾಸನೆ.
ಆರು ಪ್ರಯಾಣಿಕರು ರಸ್ತೆಯಂಚಿಗೆ ಇಳಿದರು.
ಒಬ್ಬಳು ಅಜ್ಜಿ ಥರ್ಮಾಸಿನ ಚಹಾ ಕೊಟ್ಟಳು, ರೇಡಿಯೇಟರಿಗೆ.
ಇನ್ನೊಬ್ಬ, ಕುದುರೆ ಹಾಲಿನ ಕುಮಿಸ್ ಆದೀತಾ ಅಂತ ಕೇಳಿದ.
ಅವನು ತಮಾಷೆಗೆ ಕೇಳಿದ್ದಲ್ಲ.
ಹೆಡ್ಡು ಬಿಚ್ಚಿ ಕೂರಿಸಲು ಹದಿನೆಂಟು ದಿನ, ಒಂದು ಹಸು.

ಇಷ್ಟಾದರೂ ಕೈ ಜೇಬಿಗೆ ಹೋಗದು.
ನನ್ನ ತಂಗಿ ಉಲ್ಜಾನ್ ರಕ್ತದೊತ್ತಡದ ಯಂತ್ರ ತಂದಳು,
ದಿನಕ್ಕೆ ಹನ್ನೊಂದು ಸಲ ತೋಳಿಗೆ ಪಟ್ಟಿ ಸುತ್ತಿದಳು,
ನೋಡಿ ನೋಡಿಯೇ ಒತ್ತಡ ಏರಿತು.
ನಾನೂ ತಿರುವು ಬಿಟ್ಟು ಅಂಕಿಯನ್ನೇ ನೋಡತೊಡಗಿದರೆ?
ಗಾಡಿ ಕಣಿವೆಗೆ ಬಿದ್ದ ಮೇಲೂ
ತೊಂಬತ್ತೆರಡು ಡಿಗ್ರಿ, ಎಲ್ಲ ಸರಿಯಾಗಿದೆ ಅಂತ
ತೋರಿಸುತ್ತಲೇ ಇದ್ದೀತು ಈ ಪೆಟ್ಟಿಗೆ.

ಇನ್ನೊಂದು ತಕರಾರು: ನನ್ನದು ಬಲಗಡೆ ಸ್ಟಿಯರಿಂಗಿನ ಹಳೆ ಹೋಂಡಾ,
ಜಪಾನಿನೊಳಗೇ ಓಡಲೆಂದು ಮಾಡಿದ್ದು.
ಅದರ ಮಾತು ಇದಕ್ಕೆ ತಿಳಿಯುತ್ತದೋ ಇಲ್ಲವೋ
ಮಾರುವವನಿಗೂ ಗೊತ್ತಿಲ್ಲ. "ಸಿಕ್ಕಿಸಿ ನೋಡೋಣ" ಅಂದ.
ಪುಕ್ಕಟೆಯಾದರೆ ಒಲ್ಲೆ ಅನ್ನುವವಳಲ್ಲ ನಾನು.

ಮೊದಲು ಬರೀ ಗೆರೆಗಳು. ಕೀ ತೆಗೆದು ಮತ್ತೆ ತಿರುಗಿಸಿದ.
ಎಂಬತ್ತೊಂಬತ್ತು. ಗಾಡಿ ನಿಂತಲ್ಲೇ ಗುರುಗುಟ್ಟುತ್ತಿತ್ತು.
ತೊಂಬತ್ತೈದು. ಸಮ್ಸಾ ಮಾರುವವಳು ಓಣಿ ದಾಟಿ ಹೋದಳು.
ತೊಂಬತ್ತೊಂಬತ್ತು.
ನೂರಾ ಮೂರು.
ಮುಳ್ಳು? ಅಳಿಯದೇವರು ಅಲ್ಲೇ.
"ಅಕ್ಕಾ, ಇಷ್ಟೊತ್ತಿಗೆ ಫ್ಯಾನು ತಿರುಗಬೇಕಿತ್ತಲ್ಲ"
ಅಂದ ತಲಾಯ್, ಮಾರುವ ದನಿ ಬಿಟ್ಟು.
ಇಬ್ಬರೂ ಕಿವಿಗೊಟ್ಟೆವು. ಫ್ಯಾನಿನ ಸದ್ದಿಲ್ಲ.
ನೂರಾ ಆರು. ಇಂಜಿನ್ ಆರಿಸಿದೆ.

ನಾಲ್ಕು ಡಬ್ಬಿ ಆಚೆ, ಯಾವುದೋ ಜಖಂ ಗಾಡಿಯಿಂದ ಕಳಚಿದ ಫ್ಯಾನ್ ಮೋಟರು,
ಮೂರು ಸಾವಿರದ ಇನ್ನೂರು.
ಉಳಿದ ಮುನ್ನೂರರಲ್ಲಿ ಎರಡು ಸಮ್ಸಾ, ಒಂದು ಅವನಿಗೆ.
ಐದು ನಿಮಿಷದಲ್ಲಿ ತನ್ನ ಬೆಲೆ ದುಡಿದ ಪೆಟ್ಟಿಗೆ
ಬಾಲ ಸುತ್ತಿಕೊಂಡು ಗಾಜಿನ ಕಪಾಟಿಗೆ ಮರಳಿತು.

ಕೊಳ್ಳಬೇಕಿತ್ತೋ ಬೇಡವಿತ್ತೋ, ಇವತ್ತಿಗೂ ಲೆಕ್ಕ ಹತ್ತುತ್ತಿಲ್ಲ.
ಒಮ್ಮೆ ನೋಡಿದ್ದಕ್ಕೇ ಇಷ್ಟು ಸಿಕ್ಕಿತು, ಸಾಕು ಅನ್ನುತ್ತೇನೆ.
ರಾತ್ರಿ, ನೋಡದೇ ಬಿಟ್ಟದ್ದು ಇನ್ನೆಷ್ಟಿದೆಯೋ ಅನ್ನುತ್ತೇನೆ.

ಈಗ ಪ್ರತಿ ಸಲ ಸುರಂಗದ ಬಾಯಲ್ಲಿ ಗಾಡಿ ನಿಲ್ಲಿಸುತ್ತೇನೆ.
ಹಿಂದಿನ ಸೀಟಿನವರು ಗೊಣಗುತ್ತಾರೆ, ಗೊಣಗಲಿ.
ಇಳಿದು ಬಾನೆಟ್ಟಿನ ಮೇಲೆ ಅಂಗೈ ಊರುತ್ತೇನೆ.
ಮೂರು ಎಣಿಸುವವರೆಗೆ ತಾಳಿದರೆ
ಸುಸಾಮಿರ್ ಬಯಲಿಗೆ ಇಳಿಯಬಹುದು.
ತಾಳದಿದ್ದರೆ ಚಹಾ.