ಮೂರನೆಯ ಕೆಟಲ್

ಲರ್ವಿಕ್ಕಿನಲ್ಲಿ, ಬಂದರಿಗೆ ಇಳಿಯುವ ಓಣಿಯಲ್ಲಿ
ಅಕ್ಕ ಬಾಬಿ ಮೌಟ್, ತಮ್ಮ ಗಿಬ್ಬಿ.
ಒಂದೇ ಸೂರು, ಒಂದೇ ಒಲೆ,
ಹನ್ನೊಂದು ತಿಂಗಳಿಂದ ಮಾತಿಲ್ಲ.
ಕಾರಣ ಕೇಳಿದರೆ ನಗಬೇಡಿ: ಕೆಟಲ್.

ಮೊದಲನೆಯದನ್ನು ಹಾಕಿದಾಗ ಕರೆಂಟು ಹೋಯಿತು.
ನಿನ್ನ ದರಿದ್ರ ಕೆಟಲ್ ಎಂದ.
ಎರಡನೆಯದು ತಂದಳು, ದುಬಾರಿಯದು. ಅದೂ ಅಷ್ಟೆ.
ಮೂರನೆಯದು ಅಬರ್ಡೀನಿನಿಂದ ಹಡಗೇರಿ ಬಂತು.
ಅದನ್ನು ಹಾಕಿದ್ದು ಮರೆತು ಅವಳು ಯೆಲ್ ದ್ವೀಪದ ದೋಣಿ ಹಿಡಿದಳು.
ಗಿಬ್ಬಿ ಕಡಲಲ್ಲಿದ್ದ. ಮೂರು ದಿನ.
ಫ್ರೀಜರಿನಲ್ಲಿದ್ದ ಅವನ ಚಳಿಗಾಲದ ಮೀನೆಲ್ಲ
ಬಾಗಿಲ ಸಂದಿಯಿಂದ ನೀರಾಗಿ ಹೊರಬಂತು,
ಓಣಿಯ ಬೆಕ್ಕುಗಳಿಗೆಲ್ಲ ಸುದ್ದಿ ಮುಟ್ಟಿಸುತ್ತ.

'ಓಸ್ಲಾ, ನೀನು ಬಾ' ಎಂದಳು ಫೋನಿನಲ್ಲಿ,
'ಅವನು ಬೇಡ ಅಂತಾನೆ. ಅದಕ್ಕೇ ಬಾ.'

ಮೆಟ್ಟಿಲ ಕೆಳಗೆ, ರಬ್ಬರು ಬೂಟುಗಳ ಹಿಂದೆ
ಸ್ವಿಚ್ಚುಗಳ ಪೆಟ್ಟಿಗೆ. ಅದರ ಮೂಲೆಯಲ್ಲಿ ಅದು,
ಹಣೆಯ ಮೇಲೊಂದು ಪರೀಕ್ಷೆಯ ಗುಂಡಿ ಇಟ್ಟುಕೊಂಡು.
ಅದಕ್ಕೆ ಗೊತ್ತಿರುವುದು ಒಂದೇ ಲೆಕ್ಕ:
ಹೋದದ್ದೆಷ್ಟು, ಬಂದದ್ದೆಷ್ಟು.
ಮೂವತ್ತು ಮಿಲಿಆಂಪಿಯರ್ ಕಡಿಮೆ ಬಂತೋ,
ಯಾರದೋ ಎದೆ ಹಾದು ನೆಲಕ್ಕಿಳಿದಿರಬಹುದೆಂದು
ಕೇಳದೆ, ಹೇಳದೆ, ಮನೆ ಕತ್ತಲು ಮಾಡುತ್ತದೆ.
ಸುಮ್ಮಸುಮ್ಮನೆ ಕಾಡುತ್ತದೆ ಎಂದು ಬೈಸಿಕೊಳ್ಳುತ್ತದೆ.
ಇಪ್ಪತ್ತಾರು ವರ್ಷದಲ್ಲಿ
ಅದು ಸುಳ್ಳು ಹೇಳಿದ್ದನ್ನು ನಾನು ಎರಡು ಸಲ ಕಂಡಿದ್ದೇನೆ.

ಮೂರೂ ಕೆಟಲ್‌ಗಳನ್ನು ನನ್ನ ಮನೆಗೊಯ್ದು ಕುದಿಸಿದೆ.
ಪಾಪ, ಮೂರೂ ನಿರಪರಾಧಿಗಳು.
ಇವರ ಮನೆಯಲ್ಲಿ ರೇಡಿಯೊ ಹಚ್ಚಿದೆ: ಹಾಡಿತು.
ಇಸ್ತ್ರಿಪೆಟ್ಟಿಗೆ ಹಚ್ಚಿದೆ: ಟಕ್.
ಸಿಟ್ಟು ಕೆಟಲ್ಲಿನ ಮೇಲಲ್ಲ, ಹಾಗಾದರೆ, ಹಸಿವಿನ ಮೇಲೆ.
ಹೆಚ್ಚು ಉಣ್ಣುವವರು ಪಂಕ್ತಿಗೆ ಕೂತಾಗ ಮಾತ್ರ
ಎಲ್ಲೋ ಒಂದು ಬಿರುಕು ಬಾಯಿಬಿಡುತ್ತಿದೆ.

ಒಂದೊಂದೇ ಸ್ವಿಚ್ ಇಳಿಸಿ ಹುಡುಕಿದ್ದಾನೆ ಗಿಬ್ಬಿ, ನನಗಿಂತ ಮೊದಲು.
ಎಲ್ಲರೂ ಎಡವುವುದು ಇಲ್ಲೇ:
ಈ ಸ್ವಿಚ್ ಕಡಿಯುವುದು ಹೋಗುವ ತಂತಿಯನ್ನು,
ಮರಳುವ ತಂತಿಯನ್ನು ಮುಟ್ಟುವುದೇ ಇಲ್ಲ.
ಆರಿಸಿದ ಕೋಣೆಯೂ
ಹಿಂಬಾಗಿಲು ತೆರೆದೇ ಮಲಗಿರುತ್ತದೆ.

ಮುಖ್ಯ ಸ್ವಿಚ್ ಆರಿಸಿ, ಹಲ್ಲಿನಲ್ಲಿ ಟಾರ್ಚು ಕಚ್ಚಿ,
ಹಿತ್ತಾಳೆಯ ಪಟ್ಟಿಯಿಂದ ಮರಳುವ ತಂತಿಗಳನ್ನು ಬಿಚ್ಚಿದೆ.
ಐನೂರು ವೋಲ್ಟಿನ ದನಿಯಲ್ಲಿ ಒಂದೊಂದನ್ನೂ ಕೇಳಿದೆ:
ನಿನಗೂ ನೆಲಕ್ಕೂ ಏನು ನಂಟು?
ಅಡುಗೆಮನೆ: ಇನ್ನೂರು ಮೆಗಾಓಮ್. ಏನೂ ಇಲ್ಲ.
ಹೊರಗಿನ ದೀಪ, ಉಪ್ಪುಗಾಳಿ ತಿಂದದ್ದು,
(ಬಾಗಿಲಲ್ಲೇ ನಾನು ಅಪರಾಧಿಯೆಂದು ಬರೆದುಕೊಂಡದ್ದು)
ನಲವತ್ತು. ಹೋಗು, ಬದುಕಿಕೊ.
ಯಾರೂ ಏನನ್ನೂ ಹಚ್ಚದ ಮಹಡಿಯ ಪಡಸಾಲೆ:
ಸೊನ್ನೆ.

ಗೋಡೆಯಲ್ಲಿ ಒಂದು ಮೊಳೆ.
ಮೊಳೆಯಲ್ಲಿ ಮೀನುಗಾರರ ಸಂಘದ ಕ್ಯಾಲೆಂಡರು,
ಮುಗಿದುಹೋದ ವರ್ಷದ ಉಬ್ಬರ ಇಳಿತದ ವೇಳೆಗಳು.
ಸಾಕೆಟ್ಟಿನ ನೇರ ಮೇಲೆ.
ಅಲ್ಲಿ ಹೊಡೆಯಬಾರದೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

'ಹೊಡೆದದ್ದು ಯಾರು?' ಎಂದೆ.
ಬಾಬಿ ತಮ್ಮನ ಕಡೆ ನೋಡಲಿಲ್ಲ.
ಗಿಬ್ಬಿ ಕಿಟಕಿಯ ಕಡೆ ತಿರುಗಿದ.
'ಅದು ನೇರ ಇಲ್ಲ ಅಂತ' ಎಂದ ಸ್ವಲ್ಪ ಹೊತ್ತಿನ ಮೇಲೆ,
'ಇನ್ನೂ ಎರಡೇಟು ಹಾಕು ಅಂದವಳು ಯಾರು?'
ಹನ್ನೊಂದು ತಿಂಗಳಲ್ಲಿ ಮೊದಲ ಮಾತು.
ಜಗಳದ್ದೇ, ಆದರೂ ಮಾತು.

ಗಾರೆ ಒಡೆದು ತಂತಿ ಕೂಡಿಸಿದೆ. ಮತ್ತೆ ಅಳೆದೆ: ಇನ್ನೂರು.
ಕೆಟಲ್, ಇಸ್ತ್ರಿ, ಎರಡನ್ನೂ ಒಟ್ಟಿಗೆ ಹಚ್ಚಿದೆ.
ಮೆಟ್ಟಿಲ ಕೆಳಗೆ ಅದು ತೆಪ್ಪಗಿತ್ತು.
ಬಿಲ್ಲು ಬರೆದೆ. ಗಾರೆಯ ಕೆಲಸ ನನ್ನದಲ್ಲ ಎಂದೂ ಬರೆದೆ.

ಚಹಾ ಕುಡಿದು ಹೋಗು ಎಂದಳು ಬಾಬಿ.
ಮೂರು ಕೆಟಲ್ ಮೇಜಿನ ಮೇಲಿದ್ದವು, ಸಾಲಾಗಿ.
ಅವಳು ಹಳೆಯ ತಪಲೆಗೆ ನೀರು ಹಿಡಿದು
ಗ್ಯಾಸಿನ ಮೇಲಿಟ್ಟು
ಬೆಂಕಿಕಡ್ಡಿ ಗೀರಿದಳು.